ಷವರಿನ ನೀರು ಒಮ್ಮೆಲೇ ಸುಡುವುದೇಕೆ?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಪಟ್ಟಣದ ಒಂದು ಮನೆಯಲ್ಲಿ ಕೆಲಸ ಮಾಡ್ತಾರೆ. ಆ ಮನೆಯ ಅಜ್ಜಿಗೆ ಸ್ನಾನ ಮಾಡಿಸುವುದು ಅವರ ಕೆಲಸ. ಒಂದು ದಿನ ಷವರಿನ ನೀರನ್ನು ಹದ ಮಾಡಿದರು. ಕೈಯಿಟ್ಟು ನೋಡಿದರು. ಆಮೇಲೆ ಅಜ್ಜಿಯನ್ನು ಕೂರಿಸಿದರು. ಸ್ವಲ್ಪ ಹೊತ್ತಿಗೆ ಅಜ್ಜಿ "ಅಯ್ಯೋ, ಸುಟ್ಟಿತು!" ಎಂದು ಕೂಗಿದರು. ಬೆನ್ನು ಕೆಂಪಾಗಿತ್ತು. "ನೀನೇ ನಲ್ಲಿ ತಿರುಗಿಸಿರಬೇಕು" ಅಂತ ಮನೆಯವರು ಬೈದರು. ಅಕ್ಕ ನಲ್ಲಿಯನ್ನು ಮುಟ್ಟಿರಲೇ ಇಲ್ಲ. ಹಾಗಾದರೆ ಆಗಿದ್ದೇನು?

ನಾವೆಲ್ಲ ಕೂತು ಯೋಚನೆ ಮಾಡಿದೆವು. ಆ ಮನೆಯ ಮಾಳಿಗೆ ಮೇಲೆ ಸೋಲಾರ್ ಹೀಟರ್ ಇದೆ. ಬಿಸಿನೀರು ಅಲ್ಲಿಂದ ಬೇರೆ ಪೈಪಿನಲ್ಲಿ ಇಳಿಯುತ್ತದೆ. ತಣ್ಣೀರಿನ ಪೈಪು ಒಂದೇ. ಬಚ್ಚಲಿಗೂ ಅದೇ, ಅಡುಗೆಮನೆಗೂ ಅದೇ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೋ ನಲ್ಲಿ ಬಿಟ್ಟಿದ್ದರು. ಷವರಿಗೆ ಬರುವ ತಣ್ಣೀರಿನ ಒತ್ತಡ, ಅಂದರೆ ಫೋರ್ಸು, ಇಳಿಯಿತು. ಬಿಸಿನೀರಿನ ಫೋರ್ಸು ಮೊದಲಿನಷ್ಟೇ ಇತ್ತು. ಹದ ತಪ್ಪಿತು.

ಜೋಡೆತ್ತಿನ ಗಾಡಿ ನೋಡಿದ್ದೇವಲ್ಲ? ಒಂದೆತ್ತು ಹೆಜ್ಜೆ ನಿಧಾನ ಮಾಡಿದರೆ ಗಾಡಿ ಸೊಟ್ಟ ತಿರುಗುತ್ತದೆ. ಆಗ ಗಾಡಿ ಹೊಡೆಯುವವರು ಇನ್ನೊಂದು ಎತ್ತಿನ ಹಗ್ಗ ಜಗ್ಗಿ ಹಿಡಿಯುತ್ತಾರೆ. ನೀರಿಗೂ ಹೀಗೆ ಹಗ್ಗ ಜಗ್ಗುವ ಒಂದು ವಾಲ್ವ್ ಇದೆ. ಪ್ರೆಷರ್ ಬ್ಯಾಲೆನ್ಸ್ ವಾಲ್ವ್ ಅಂತ ಅದರ ಹೆಸರು. ಅದರೊಳಗೆ ಆಚೀಚೆ ಜಾರುವ ಒಂದು ಚಿಕ್ಕ ಬಿರಡೆ ಇರುತ್ತದೆ. ಒಂದು ಕಡೆಯಿಂದ ಬಿಸಿನೀರು ಅದನ್ನು ನೂಕುತ್ತದೆ. ಇನ್ನೊಂದು ಕಡೆಯಿಂದ ತಣ್ಣೀರು ನೂಕುತ್ತದೆ. ತಣ್ಣೀರಿನ ಬಲ ಇಳಿದ ಕೂಡಲೇ ಬಿರಡೆ ಆ ಕಡೆ ಜಾರುತ್ತದೆ. ಜಾರಿದಾಗ ಬಿಸಿನೀರಿನ ದಾರಿ ಕಿರಿದಾಗುತ್ತದೆ. ಷವರಿನ ನೀರು ಕಡಿಮೆಯಾಗುತ್ತದೆ, ಆದರೆ ಹದ ಹಾಗೇ ಉಳಿಯುತ್ತದೆ. ತಣ್ಣೀರು ಪೂರ್ತಿ ನಿಂತರೆ ಬಿಸಿನೀರೂ ಹೆಚ್ಚುಕಡಿಮೆ ನಿಲ್ಲುತ್ತದೆ. ಇದಕ್ಕೆ ಕರೆಂಟು ಬೇಡ. ನೀರಿನ ಬಲವೇ ಸಾಕು.

ಅಮೆರಿಕದಲ್ಲಿ ಹೊಸ ಮನೆಯ ಷವರಿಗೆ ಸುಡದಂತೆ ಕಾಯುವ ವಾಲ್ವ್ ಇರಲೇಬೇಕು ಅಂತ ಬಹಳ ಕಡೆ ನಿಯಮವಿದೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿರುವುದು ಸಾದಾ ಮಿಕ್ಸರ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಪ್ಲಂಬರನ್ನೇ ಕೇಳಬೇಕು.

ಈ ವಾಲ್ವಿಗೆ ಬಲ ಗೊತ್ತು, ಬಿಸಿ ಗೊತ್ತಿಲ್ಲ. ಹೀಟರಿನ ನೀರೇ ಹೆಚ್ಚು ಕಾದರೆ ಅದು ತಡೆಯಲಾರದು. ಒಳ್ಳೆ ಬಿಸಿಲಿದ್ದ ದಿನ ಸೋಲಾರ್ ನೀರು 60 ಡಿಗ್ರಿ ದಾಟುತ್ತದೆ. 60 ಡಿಗ್ರಿ ನೀರು ಸುಮಾರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನು ಸುಡುತ್ತದೆ. ಮಕ್ಕಳ ಚರ್ಮ, ಮುದುಕರ ಚರ್ಮ ತೆಳು. ಅವರಿಗೆ ಅಷ್ಟು ಹೊತ್ತೂ ಬೇಡ. ಸುಟ್ಟರೆ 20 ನಿಮಿಷ ತಣ್ಣನೆ ನಲ್ಲಿ ನೀರು ಬಿಡಬೇಕು. ಟೂತ್‌ಪೇಸ್ಟು, ಇಂಕು ಹಚ್ಚಬಾರದು. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಬೇಕು.

ವಾಲ್ವ್ ಇಲ್ಲದ ಮನೆಯಲ್ಲಿ ಬಕೆಟ್ಟೇ ವಾಸಿ. ಮೊದಲು ತಣ್ಣೀರು, ಮೇಲೆ ಬಿಸಿನೀರು. ಕಲಕಿ, ಕೈಯಿಟ್ಟು ನೋಡಿ, ಆಮೇಲೆ ಮೈಗೆ. ಅಕ್ಕ ಈಗ ಹಾಗೇ ಮಾಡ್ತಾರೆ.

ಅಕ್ಕ ಇದನ್ನೆಲ್ಲ ಮನೆಯವರಿಗೂ ಹೇಳಿದರು. ಅವರು ನಂಬಲಿಲ್ಲ. "ನೀವೇ ಷವರಿನ ಕೆಳಗೆ ಕೈಯಿಡಿ ಅಮ್ಮಾ, ನಾನು ಅಡುಗೆಮನೆ ನಲ್ಲಿ ಬಿಡ್ತೀನಿ" ಅಂದರು ಅಕ್ಕ. ನಲ್ಲಿ ಬಿಟ್ಟ ಸ್ವಲ್ಪ ಹೊತ್ತಿಗೇ ಆ ಅಮ್ಮ ಸರಕ್ಕನೆ ಕೈ ಹಿಂದಕ್ಕೆ ತೆಗೆದರು.