ಆಟಗಾರನ ಸ್ಥಾನಪಲ್ಲಟ

ಅಮೆರಿಕದ ಕಾಲೇಜುಗಳ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನೆಲಕ್ಕೆ ನುಗ್ಗುವ ಆಟ. ಅದನ್ನು ತಡೆಯುವ 11 ಮಂದಿ ಮೂರು ಸಾಲಾಗಿ ನಿಲ್ಲುತ್ತಾರೆ. ಮುಂದಣವರು ಅಡ್ಡಗಟ್ಟುವವರು, ನಡುವಣವರು ಲೈನ್‌ಬ್ಯಾಕರುಗಳು. ಹಿಂದಣ ಸಾಲಿನಲ್ಲಿ ಕಟ್ಟಕಡೆಯ ಕಾವಲುಗಾರನೇ ಸೇಫ್ಟಿ. ಸೇಫ್ಟಿಯ ದೃಷ್ಟಿ ಮೊದಲು ದೂರದ ಎಸೆತದ ಮೇಲಿರಬೇಕು; ಅವನು ತಪ್ಪಿದರೆ ಹಿಂದೆ ಯಾರೂ ಇಲ್ಲ. ಲೈನ್‌ಬ್ಯಾಕರಾದರೋ ಚೆಂಡು ಹಿಡಿದು ಓಡುವವನನ್ನು ಮೊದಲು ಗುರುತಿಸಬೇಕು. ತನಗಿಂತ ಬಹಳ ಭಾರವಾದವರ ಢಿಕ್ಕಿಯನ್ನು ತಾಳಬೇಕು. ಆದಕಾರಣ ಸ್ಥಾನ ಬದಲಾದಾಗ ಕಾಲಿಗಿಂತ ಕಣ್ಣಿಗೆ ಹೊಸ ಶಿಕ್ಷಣ ಬೇಕು.

2016ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ತರಬೇತುದಾರರು ಜಬ್ರಿಲ್ ಪೆಪ್ಪರ್ಸ್ ಎಂಬ ಸೇಫ್ಟಿಯನ್ನು ಲೈನ್‌ಬ್ಯಾಕರ್ ಸ್ಥಾನಕ್ಕೆ ತಂದರು. ಆ ಸ್ಥಾನಕ್ಕೆ ಅವರ ಮೈಭಾರ ಕಡಮೆ, ವೇಗ ಅಪಾರ. ಚೆಂಡಿನ ಸಮೀಪದಲ್ಲಿ ಆ ವೇಗವು ಫಲಿಸಿತು. ಅದೇ ವರ್ಷ ಬಿಗ್ ಟೆನ್ ಕೂಟದ ಶ್ರೇಷ್ಠ ರಕ್ಷಕರೆಂಬ ಗೌರವ ಅವರಿಗೆ ಸಂದಿತು. ಆದರೆ ಮುಂದೆ ನಿಂತವನಿಗೆ ಎದುರಾಳಿಗಳ ಎಸೆತವನ್ನು ನಡುವೆಯೇ ಹಿಡಿಯುವ ಅವಕಾಶ ಅಲ್ಪ. ಆ ವರ್ಷ ಅವರು ಹಾಗೆ ಹಿಡಿದದ್ದು ಒಂದೇ. 2017ರಲ್ಲಿ ಅವರನ್ನು ಆರಿಸಿಕೊಂಡ ಕ್ಲೀವ್‌ಲೆಂಡಿನ ವೃತ್ತಿತಂಡವು ಮತ್ತೆ ಸೇಫ್ಟಿಯಾಗಿಯೇ ನಿಲ್ಲಿಸಿತು.

ತಂಡದ ಇಂದಿನ ಲಾಭವೂ ತರುಣನ ನಾಳಿನ ಬಾಳೂ ಯಾವಾಗಲೂ ಒಂದೇ ಅಲ್ಲ. ಸ್ಥಾನ ಬದಲಿಸುವ ಗುರುವು ಎರಡನ್ನೂ ತೂಗಿ ನೋಡತಕ್ಕದ್ದೆಂದು ನಾವು ಭಾವಿಸುತ್ತೇವೆ.