ಕಡಲು ಸೇರುವ ನೀರು ವ್ಯರ್ಥವೇ?

ಸಕಲೇಶಪುರ ಸೀಮೆಯ ಘಟ್ಟದ ಅಂಚಿನಲ್ಲಿರುವ ನಮ್ಮೂರಿನ ಹಳ್ಳ ಜೂನ್ ತಿಂಗಳ ಮೊದಲ ಜಡಿಮಳೆಗೆ ಕಷಾಯದ ಬಣ್ಣ ತಳೆಯುತ್ತದೆ. ಅದು ಮಣ್ಣಿನ ಕೆಂಪೆಂದೇ ನಾನು ಬಹುಕಾಲ ನಂಬಿದ್ದೆ. ಒಮ್ಮೆ ಆ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಎರಡು ದಿನ ಕದಲಿಸದೆ ಇಟ್ಟೆ. ಮಣ್ಣು ತಳ ಸೇರಿತು. ಮೇಲಿನ ತಿಳಿನೀರಿನ ನಸುಗಂದು ಮಾತ್ರ ಹೋಗಲಿಲ್ಲ. ತರಗೆಲೆಗಳಿಂದ ಕರಗಿ ಬಂದ ಇಂಗಾಲದ ಬಣ್ಣವದು.

ಮರಗಳು ಗಾಳಿಯಿಂದ ಹೀರಿದ ಇಂಗಾಲವೆಲ್ಲ ಕಾಂಡದಲ್ಲಿಯೇ ಉಳಿಯುವುದಿಲ್ಲ. ಉದುರಿದ ಎಲೆ, ಸತ್ತ ಬೇರುಗಳು ಕೊಳೆತಾಗ ಅದರ ಒಂದಂಶ ಮಳೆನೀರಿನಲ್ಲಿ ಕರಗಿ, ಇನ್ನೊಂದಂಶ ಎಲೆಚೂರು ಹಾಗೂ ಮಣ್ಣಿನ ಕಣಗಳಾಗಿ ಹಳ್ಳ ಸೇರುತ್ತದೆ. ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೆಲದೊಳಗಿನ ನೀರಿನಲ್ಲಿ ಬೆರೆತು ಬರುತ್ತದೆ. ಹಳ್ಳವು ಬಂಡೆಗಳ ಮೇಲೆ ನೊರೆಯೆಬ್ಬಿಸಿ ಧುಮುಕುವಾಗ ಅದರ ಬಹುಭಾಗ ಮರಳಿ ಗಾಳಿಯ ಪಾಲಾಗುತ್ತದೆ.

ದಟ್ಟ ನೆರಳಿನ ಹಳ್ಳದಲ್ಲಿ ಪಾಚಿ ವಿರಳ. ಅಲ್ಲಿನ ಹುಳು, ಏಡಿ, ಮೀನುಗಳಿಗೆ ಕಾಡೇ ಅನ್ನದಾತ. ಅಮೆರಿಕದ ನ್ಯೂಹ್ಯಾಂಪ್‌ಷೈರ್‌ನ ಬೇರ್ ಬ್ರೂಕ್ ಎಂಬ ಕಾಡುಹಳ್ಳದ ಶಕ್ತಿಯಲ್ಲಿ ಶೇ 99ಕ್ಕೂ ಹೆಚ್ಚು ಭಾಗ ಸುತ್ತಲಿನ ಅರಣ್ಯದ ಕೊಡುಗೆಯೆಂದು ಫಿಶರ್ ಮತ್ತು ಲೈಕನ್ಸ್ 1973ರಲ್ಲಿ ತೋರಿಸಿದರು. ಜಗತ್ತಿನಾದ್ಯಂತ ನೆಲದಿಂದ ಸಿಹಿನೀರಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಇಳಿಯುತ್ತದೆ, ಅದರಲ್ಲಿ ಕಡಲು ಮುಟ್ಟುವುದು ಸುಮಾರು 90 ಕೋಟಿ ಟನ್ ಎಂದು ಜೊನಾಥನ್ ಕೋಲ್ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿದರು. ಉಳಿದದ್ದು ದಾರಿಯಲ್ಲೇ ಗಾಳಿಗೋ ಕೆಸರಿಗೋ ಸೇರುತ್ತದೆ.

ನಮ್ಮ ಸೀಮೆಯ ಹಳ್ಳಗಳು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಸೇರುತ್ತವೆ. ಇವುಗಳ ಮಳೆಗಾಲದ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸುಳ್ಳಲ್ಲ; ಅದನ್ನು ಹಗುರವಾಗಿ ಕಾಣುವ ಹಕ್ಕು ಮಳೆಯ ನಾಡಿನವನಾದ ನನಗಿಲ್ಲ. ನನ್ನ ತಕರಾರಿರುವುದು 'ವ್ಯರ್ಥವಾಗಿ ಸಮುದ್ರ ಸೇರುವ ನೀರು' ಎಂಬ ಮಾತಿನ ಬಗ್ಗೆ. ಟಿಎಂಸಿಯಲ್ಲಿ ಅಳೆಯುವಾಗ ನಾವು ಕಾಣುವುದು ನೀರನ್ನಷ್ಟೇ. ಆ ನೀರು ಹೊತ್ತೊಯ್ಯುವ ಕಾಡಿನ ಅಂಶವನ್ನು, ಅದನ್ನೇ ನೆಚ್ಚಿ ಬದುಕುವ ಜೀವಿಗಳನ್ನು ಯಾವ ಖಾತೆಗೆ ಬರೆಯೋಣ?

ನೀರನ್ನು ತಿರುಗಿಸುವ ಮುನ್ನ ಮತ್ತು ತಿರುಗಿಸಿದ ಮೇಲೆ, ಹರಿವಿನ ಜೊತೆಗೆ ಅದರಲ್ಲಿರುವ ಇಂಗಾಲವನ್ನೂ ವರ್ಷವಿಡೀ ಅಳೆಯಬೇಕು. ಆ ಅಂಕಿಗಳನ್ನು ಜನರ ಮುಂದಿಡಬೇಕು. ಹಳ್ಳದ ದಂಡೆಯ ಮರಗಳನ್ನು ಹಳ್ಳದ ಭಾಗವೆಂದೇ ಕಾಯಬೇಕು. ಕಾಡಿನ ಲೆಕ್ಕ ಮರದ ಬುಡದಲ್ಲಿ ಮುಗಿಯುವುದಿಲ್ಲ. ಅದು ಅಳಿವೆಯವರೆಗೂ ಹರಿಯುತ್ತದೆ.