ಆದಾಯ ತೆರಿಗೆ ರಿಟರ್ನ್: ನಾವೇ ತುಂಬುವುದೇ, ತುಂಬಿಸುವುದೇ?

ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಪಠ್ಯಪುಸ್ತಕಗಳ ಗಡಿಬಿಡಿ ಮುಗಿಯುವಷ್ಟರಲ್ಲಿ ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ರಿಟರ್ನ್ ಯಾರಲ್ಲಿ ಮಾಡಿಸಿದಿರಿ?’ ಅದರಲ್ಲಿ ಏನು ಬರೆದಿದೆ ಎಂದು ಯಾರೂ ಕೇಳುವುದಿಲ್ಲ. ಕಚೇರಿಯ ಮಲಯಾಳ ಕಾಗದಕ್ಕೂ ಬ್ಯಾಂಕಿನ ಇಂಗ್ಲಿಷ್ ಕಾಗದಕ್ಕೂ ಓದದೆ ರುಜು ಹಾಕುವ ಅಭ್ಯಾಸ ಗಡಿನಾಡಿನ ಕನ್ನಡಿಗರಾದ ನಮಗೆ ಹೊಸತಲ್ಲ. ಕನ್ನಡದಲ್ಲಿ ಕೊಡಿ ಎಂಬ ಹೋರಾಟ ನಡೆಯುತ್ತಲೇ ಇರಬೇಕು. ಆದರೆ ತೆರಿಗೆಯ ವಿಷಯದಲ್ಲಿ ಭಾಷೆ ತಿಳಿಯಲಿಲ್ಲ ಎಂಬ ಸಮಜಾಯಿಷಿ ನಡೆಯದು. ರಿಟರ್ನನ್ನು ಯಾರೇ ತುಂಬಲಿ, ಅದು ಸತ್ಯವೆಂದು ಘೋಷಿಸುವವರು ತೆರಿಗೆದಾರರೇ.

‘ಕಡಿತವಾದ ತೆರಿಗೆ ಮರಳಿ ಕೊಡಿಸುತ್ತೇವೆ, ಬಂದದ್ದರಲ್ಲಿ ನಮಗೆ ಪಾಲು’ ಎನ್ನುವವರ ಬಗ್ಗೆ ಎಚ್ಚರ ಬೇಕು. ಕೊಡದ ದೇಣಿಗೆ, ಕಟ್ಟದ ವಿಮೆ, ಇಲ್ಲದ ಬಾಡಿಗೆಯನ್ನು ಬರೆದು ಇವರು ಹಣ ತರಿಸುತ್ತಾರೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂತಹ ಸುಳ್ಳು ವಿನಾಯಿತಿಗಳ ಕುರಿತು ದೇಶದ ಹಲವೆಡೆ ಪರಿಶೀಲನೆ ನಡೆಸಿತು. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು. ದಂಡ ಏಜೆಂಟನದಲ್ಲ, ನಮ್ಮದು.

ಹಾಗಾದರೆ ಯಾವ ದಾರಿ? ವೇತನ, ಪಿಂಚಣಿ, ಬ್ಯಾಂಕ್ ಬಡ್ಡಿ ಇಷ್ಟೇ ಇರುವವರು ಇಲಾಖೆಯ ಜಾಲತಾಣದಲ್ಲಿ ತಾವೇ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಹೆಚ್ಚಿನ ಅಂಕಿಗಳು ಅಲ್ಲಿ ಮೊದಲೇ ತುಂಬಿರುತ್ತವೆ. ಶಾಲೆಯಿಂದ ಸಿಗುವ ಫಾರಂ 16, ಜಾಲತಾಣದಲ್ಲಿರುವ ಫಾರಂ 26ಎಎಸ್ ಮತ್ತು ವಾರ್ಷಿಕ ಮಾಹಿತಿ ಪಟ್ಟಿ, ಈ ಮೂರನ್ನೂ ಹೋಲಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಇಂಗ್ಲಿಷ್ ತೊಡಕಾದರೆ ಪ್ಲಸ್ ಟು ಓದುವ ಮಗಳೋ ಮಗನೋ ಪಕ್ಕದಲ್ಲಿ ಕುಳಿತು ಓದಿ ಹೇಳಲಿ. ಮಕ್ಕಳಿಗೂ ಅದೊಂದು ಪಾಠ.

ನಮ್ಮ ಕಡೆ ತೊಡಕು ಹೆಚ್ಚಾಗಿ ಬರುವುದು ಅಡಿಕೆ ತೋಟದಿಂದ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ ಎಂಬುದು ನಿಜ. ಹಾಗೆಂದು ಅದನ್ನು ಬರೆಯದೆ ಬಿಡುವುದು ಸರಿಯಲ್ಲ. ವರ್ಷಕ್ಕೆ 5,000 ರೂಪಾಯಿ ಮೀರಿದ ಕೃಷಿ ಆದಾಯವಿದ್ದರೆ ಸರಳವಾದ ಐಟಿಆರ್-1 ಬಳಸುವಂತಿಲ್ಲ, ಮತ್ತು ಉಳಿದ ಆದಾಯದ ತೆರಿಗೆ ದರ ಲೆಕ್ಕಹಾಕುವಾಗ ಅದು ಗಣನೆಗೆ ಬರುತ್ತದೆ. ಕೊಲ್ಲಿಯಲ್ಲಿ ದುಡಿಯುವ ಅನಿವಾಸಿಗಳಿಗೂ ಐಟಿಆರ್-1 ಸಲ್ಲದು. ಜಾಗ, ಷೇರು ಮಾರಿದವರೂ ಸೇರಿದಂತೆ ಇಂಥವರು ಲೆಕ್ಕಪರಿಶೋಧಕರಿಗೆ ಶುಲ್ಕ ಕೊಡುವುದೇ ಲೇಸು. ಒಪ್ಪಿಕೊಂಡ ಶುಲ್ಕ ಮಾತ್ರ, ಮರುಪಾವತಿಯ ಪಾಲಲ್ಲ.

ಪದ್ಧತಿಯ ಆಯ್ಕೆಯಲ್ಲಿಯೂ ಹಳೆಯ ರೂಢಿ ಬಿಡಬೇಕಾಗಿದೆ. 2025-26ರಲ್ಲಿ 9 ಲಕ್ಷ ರೂಪಾಯಿ ವೇತನ ಪಡೆದ, 60 ವರ್ಷದೊಳಗಿನ ಅಧ್ಯಾಪಕರೊಬ್ಬರನ್ನು ಗಮನಿಸೋಣ. ಹಳೆಯ ಪದ್ಧತಿಯಲ್ಲಿ 50,000 ಪ್ರಮಾಣಿತ ಕಡಿತ, ಪಿಎಫ್-ವಿಮೆಗಳ 1.5 ಲಕ್ಷ ಕಳೆದರೂ ಸೆಸ್ ಸೇರಿ 54,600 ರೂಪಾಯಿ ತೆರಿಗೆ. ಹೊಸ ಪದ್ಧತಿಯಲ್ಲಿ 75,000 ಕಳೆದು ಉಳಿದ ಆದಾಯ 12 ಲಕ್ಷದೊಳಗಿರುವುದರಿಂದ ತೆರಿಗೆ ಸೊನ್ನೆ. ಸುಳ್ಳು ರಸೀದಿಯ ಅಗತ್ಯವಾದರೂ ಏನಿದೆ! ಇದಕ್ಕಿಂತ ಹೆಚ್ಚು ವೇತನವಿದ್ದು ಗೃಹಸಾಲದ ಬಡ್ಡಿ ಕಟ್ಟುವವರು ಎರಡನ್ನೂ ಹೋಲಿಸಿಕೊಳ್ಳಲಿ. ಹಳೆಯದನ್ನು ಆರಿಸುವವರು ಗಡುವಿನೊಳಗೆ, ವೇತನದಾರರಿಗೆ ಸಾಮಾನ್ಯವಾಗಿ ಜುಲೈ 31, ಸಲ್ಲಿಸಲೇಬೇಕು.

ಬೇರೆಯವರಿಂದ ಮಾಡಿಸುವವರೂ ತಮ್ಮ ಸ್ವಂತ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ವಿಳಾಸವನ್ನೇ ಜಾಲತಾಣದಲ್ಲಿ ದಾಖಲಿಸಿಕೊಳ್ಳಬೇಕು. ಏಜೆಂಟರ ಸಂಖ್ಯೆ ಅಲ್ಲಿದ್ದರೆ ಇಲಾಖೆಯ ನೋಟೀಸು ನಮ್ಮನ್ನು ತಲಪುವುದೇ ಇಲ್ಲ. ಪಾಸ್‌ವರ್ಡ್ ನಮ್ಮಲ್ಲಿರಲಿ. ಸಲ್ಲಿಸುವ ಮೊದಲು ಕರಡು ಪ್ರತಿ ಕೇಳಿ ಪಡೆದು, ಒಂದೊಂದು ಕಡಿತಕ್ಕೂ ಮನೆಯಲ್ಲಿ ದಾಖಲೆ ಇದೆಯೇ ಎಂದು ನೋಡಿದ ಮೇಲೆಯೇ ಆಧಾರ್ ಓಟಿಪಿ ನೀಡಬೇಕು. ಸಲ್ಲಿಸಿ 30 ದಿನಗಳೊಳಗೆ ಈ ದೃಢೀಕರಣ ಆಗದಿದ್ದರೆ ಗಡುವಿನೊಳಗೆ ಸಲ್ಲಿಸಿದ್ದೂ ಲೆಕ್ಕಕ್ಕೆ ಬಾರದು.